ವಾಸನೆ ಇಲ್ಲದವಳು

ಗೆರೆ ಇನ್ನೂ ಇತ್ತು. ಉಕ್ಕಿನ ಪಾತ್ರೆಯ ಪಕ್ಕೆಯಲ್ಲಿ ಕೂರಿಸಿದ್ದ ಹೆಬ್ಬೆರಳಗಲದ ಕಿಟಕಿ, ಅದರೆದುರು ಓರೆಯಾಗಿ ನಿಲ್ಲಿಸಿದ ಕನ್ನಡಿ, ಕನ್ನಡಿಯೊಳಗೆ ಆ ಗೆರೆ. ಅಷ್ಟು ಒತ್ತಡ ತುಂಬಿಕೊಂಡಿರುವ ಪಾತ್ರೆಗೆ ನೇರವಾಗಿ ಮುಖ ಕೊಡಬಾರದೆಂಬ ನಿಯಮವಿತ್ತು. ಹಾಗಾಗಿ ಈ ಕೆಲಸಕ್ಕೆ ಕೈ ಹಾಕಿದಾಗಿನಿಂದ ಅವಳು ಎಲ್ಲವನ್ನೂ ಕನ್ನಡಿಯಲ್ಲೇ ನೋಡುತ್ತ ಬಂದಿದ್ದಳು. ಒಮ್ಮೊಮ್ಮೆ ಪಾತ್ರೆಯ ಕಿಟಕಿಯ ಪಕ್ಕದಲ್ಲೇ ತನ್ನ ಕಿವಿಯೋ ಕೂದಲೋ ಕಂಡು, ಇದಾರು ಎಂದು ಅರೆಗಳಿಗೆ ಬೆಚ್ಚುವುದೂ ಇತ್ತು. ಗೆರೆಯ ಕೆಳಗೆ ಹಿಂಡಿ ಹಿಂಡಿ ದ್ರವವಾಗಿಸಿದ ಇಂಗಾಲದ ಡೈಆಕ್ಸೈಡು, ಮೇಲೆ ಅದೇ ಇನ್ನೂ ಅನಿಲವಾಗಿ. ಬಿಸಿ ಇನ್ನೊಂದಿಷ್ಟು ಏರಿದರೆ ಈ ಗೆರೆ ನಡುಗುತ್ತದೆ, ತೆಳ್ಳಗಾಗುತ್ತದೆ, ಮತ್ತೆ ಇರುವುದಿಲ್ಲ. ಒಡೆಯುವುದಿಲ್ಲ, ಮೇಲಕ್ಕೋ ಕೆಳಕ್ಕೋ ಸರಿಯುವುದಿಲ್ಲ, ಸುಮ್ಮನೆ ಇಲ್ಲವಾಗುತ್ತದೆ. ಆಮೇಲೆ ಪಾತ್ರೆಯೊಳಗಿರುವುದಕ್ಕೆ ದ್ರವವೆಂದೂ ಅನ್ನುವಂತಿಲ್ಲ, ಅನಿಲವೆಂದೂ ಅನ್ನುವಂತಿಲ್ಲ. ಅದು ಇಲ್ಲವಾಗುವ ಆ ಕ್ಷಣವನ್ನು ಹಿಡಿಯಬೇಕೆಂದು ಅವಳಿಗೆ ಪ್ರತಿ ಸಲವೂ ಆಸೆ. ಪ್ರತಿ ಸಲವೂ ಅದೇ ಹೊತ್ತಿಗೆ ಕಣ್ಣು ಮಿಟುಕುತ್ತಿತ್ತು, ಇಲ್ಲವೇ ಮನಸ್ಸು ಇನ್ನೆಲ್ಲೋ ಇರುತ್ತಿತ್ತು. ಇವತ್ತು ಅದು ಮನೆಯ ಬಾಗಿಲ ಹತ್ತಿರ ನಿಂತಿತ್ತು. ನಿನ್ನೆ ಸಂಜೆ ಅಮ್ಮ ಕುರ್ಚಿಯಿಂದ ಅರ್ಧ ಎದ್ದು, ಅವಳ ದಿಕ್ಕಿಗಲ್ಲದ ಇನ್ನೊಂದು ದಿಕ್ಕಿಗೆ ಮುಖ ಮಾಡಿ, "ಸ್ವಲ್ಪ ಬೀದಿ ಕಡೆ ನೋಡ್ತೀರಾ ತಾಯಿ? ನನ್ನ ಮಗಳು ಇವತ್ತೂ ಬಂದಿಲ್ಲ," ಎಂದಿದ್ದಳು. ಅವಳು ಬೀದಿಯನ್ನು ನೋಡಿದ್ದಳು. ನಿಜವಾಗಿಯೂ ಕಿಟಕಿಯ ಪರದೆ ಸರಿಸಿ, ದೀಪದ ಕಂಬದ ಕೆಳಗೆ ಯಾರಾದರೂ ಬರುತ್ತಿದ್ದಾರೋ ಎಂದು ನೋಡಿದ್ದಳು.

"ಮೇಡಂ, ಗೆರೆ ಹೋಗಿ ಆಗಲೇ ಎಷ್ಟೊತ್ತಾಯ್ತು. ಯಾರನ್ನ ಕಾಯ್ತಾ ಇದ್ದೀರ?"

ಪಕ್ಕದಲ್ಲಿ ಗೇಜು ನಿಂತಿದ್ದ. ಜೊತೆಗೆ ಕೆಲಸ ಮಾಡುವ ಈತನಿಗೆ ಒತ್ತಡದ ಮಾಪಕ ಕಂಡಲ್ಲೆಲ್ಲ ಬೆರಳಿನಿಂದ ಟಕ್ ಟಕ್ ಎಂದು ತಟ್ಟಿ ನೋಡುವ ಚಾಳಿಯಿದ್ದುದರಿಂದ ಇಡೀ ಕಟ್ಟಡಕ್ಕೇ ಅವನು ಗೇಜು. ಈಗಲೂ ತಟ್ಟುತ್ತಿದ್ದ.

"ಹೋಯ್ತಾ?"

"ನಿಮ್ಮ ಕಣ್ಣೆದುರೇ ಹೋಯ್ತು. ನೀವೇ ಇರಲಿಲ್ಲ."

ಅವಳು ನಕ್ಕಂತೆ ಮಾಡಿ ಮೇಲಿನ ಕವಾಟ ತಿರುಗಿಸಿದಳು. ಪೆಲಾಡಿಯಂ ಲೋಹದ ವೇಗವರ್ಧಕ ಒಳಗಿಳಿದು ಕನ್ನಡಿಯಲ್ಲಿ ತೆಳುವಾದ ಹಳದಿ ಹರಡಿತು. ಈ ಹಳದಿಗಾಗಿ ಇವರಿಬ್ಬರೂ ಎಷ್ಟು ಒದ್ದಾಡಿದ್ದರು! ಮೊದಲು, ಬಣ್ಣ ತೆಳುಮಾಡಲು ಬಳಸುವ ದ್ರಾವಕವಾದ ಟಾಲೂಯಿನ್‌ನಲ್ಲಿ ಇದೇ ಪೆಲಾಡಿಯಂ ಹಾಲಿಗೆ ಬಿದ್ದ ಸಕ್ಕರೆಯಂತೆ ಕರಗುತ್ತಿತ್ತು. ಚಿಕ್ಕ ಚಿಕ್ಕ ಅಣುಗಳನ್ನು ಒಂದಕ್ಕೊಂದು ಪೋಣಿಸಿ ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿ ಮಾಡಿಕೊಡುತ್ತಿತ್ತು. ಟಾಲೂಯಿನ್ ಬಿಟ್ಟು ಈ ಹಿಂಡಿದ ಅನಿಲಕ್ಕೆ ಬಂದದ್ದೇ ತಡ, ಅದೇ ಪೆಲಾಡಿಯಂ ನೆಂಟರ ಮನೆಗೆ ಕರೆಯದೆ ಬಂದವನಂತೆ ಮೂಲೆ ಹಿಡಿದು ಕೂತುಬಿಟ್ಟಿತು. ತಳದಲ್ಲಿ ಹಳದಿ ಕಾಳು. ಮೇಲೆ ಏನೂ ಇಲ್ಲ. ಕೊನೆಗೆ ಅದರ ಸುತ್ತ ಫ್ಲೋರೀನಿನ ಉದ್ದನೆಯ ಬಾಲಗಳನ್ನು ಕಟ್ಟಿದ ಮೇಲೇ ಅನಿಲ ಅದನ್ನು ಒಳಗೆ ಬಿಟ್ಟುಕೊಂಡದ್ದು. "ಲೋಹ ಅದೇ, ಮಾಡೋ ಕೆಲಸಾನೂ ಅದೇ. ಆದ್ರೆ ಬಾಲ ಇದ್ದೋರಿಗೆ ಮಾತ್ರ ಪ್ರವೇಶ," ಎಂದು ಗೇಜು ಆವತ್ತು ಎಲ್ಲರೆದುರು ಹೇಳಿ ನಗಿಸಿದ್ದ. ಅವಳೂ ನಕ್ಕಿದ್ದಳು. ಆಗಿನ್ನೂ ಅಮ್ಮ ಅವಳನ್ನು 'ನೀವು' ಎನ್ನುತ್ತಿರಲಿಲ್ಲ.

ಟಾಲೂಯಿನ್‌ನ ವಾಸನೆ ಹೇಗಿತ್ತು ಎಂದು ಈಗ ನೆನಪಿಸಿಕೊಳ್ಳಲು ಹೋದರೆ ಅವಳಿಗೆ ವಾಸನೆ ನೆನಪಾಗುತ್ತಿರಲಿಲ್ಲ, ವಾಸನೆಯ ಸುತ್ತ ಇದ್ದದ್ದೆಲ್ಲ ನೆನಪಾಗುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಒಂದೆರಡು ನಿಲ್ದಾಣಗಳಾದ ಮೇಲೆ, ಇಳಿಯುವವರಂತೆ ಎದ್ದು ಇನ್ನೊಂದು ಸೀಟಿಗೆ ಹೋಗಿ ಕೂರುವುದು. ಬೆಳಿಗ್ಗೆ ಎಷ್ಟು ಉಜ್ಜಿ ತೊಳೆದರೂ ಸಂಜೆಗೆ ಕೂದಲಿನ ಬುಡದಲ್ಲಿ, ಉಗುರಿನ ಸಂದಿಯಲ್ಲಿ, ಸ್ವೆಟರಿನ ಹೆಣಿಗೆಯ ತೂತುತೂತಿನಲ್ಲಿ ಅದು ಮನೆ ಮಾಡಿಕೊಂಡಿರುವುದು. ಬಾಗಿಲು ತೆಗೆಯುವ ಮೊದಲೇ ಒಳಗಿನಿಂದ ಅಮ್ಮನ ದನಿ: "ಬಂತಪ್ಪ ಬಣ್ಣದಂಗಡಿ." ಅಪ್ಪ ಇದ್ದಾಗ ಪತ್ರಿಕೆಯ ಹಿಂದಿನಿಂದ ನಗುತ್ತಿದ್ದ. ಆ ನಗು ಅವಳಿಗೆ ಚುಚ್ಚುತ್ತಿತ್ತು. ಒಂದು ಸಲ ಯಾರೋ ದೂರದ ಸಂಬಂಧಿಕರು ಕೂತಿದ್ದಾಗ ಅಮ್ಮ ಅವಳನ್ನು ಹಿಂದಿನ ಬಾಗಿಲಿನಿಂದ ಒಳಗೆ ಬರುವಂತೆ ಕೈಸನ್ನೆ ಮಾಡಿದ್ದಳು. ಹಿಂದಿನ ಬಾಗಿಲಿನಿಂದ, ಕಸದ ಬುಟ್ಟಿ ದಾಟಿಕೊಂಡು, ಬಂದವಳೇ ಅಡುಗೆಮನೆಯಲ್ಲಿ ನಿಂತು, ಹೊರಗಿನವರಿಗೆ ಕೇಳಿಸುವಷ್ಟೇ ದನಿಯಲ್ಲಿ ಅಂದುಬಿಟ್ಟಿದ್ದಳು: "ನಿನಗೆ ಮೂಗು ಬಿಟ್ಟು ಬೇರೇನೂ ಇಲ್ಲ ಅಲ್ವಾ?" ಅಮ್ಮ ಚಹಾದ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಹೊರಗೆ ಹೋದಳು. ಮುಂದೆ ಅಪ್ಪ ತೀರಿಹೋದ. ಅಮ್ಮನ ಕಣ್ಣಿನ ನೋಟ ಅಂಚಿನಿಂದ ಶುರುವಾಗಿ ನಡುವಿನ ತನಕ ಹೋಯಿತು. ಹಾಗೇ ನೆನಪೂ, ಮೊದಲು ನಿನ್ನೆಯದು, ಆಮೇಲೆ ಮೊನ್ನೆಯದು. ಉಳಿದದ್ದು ಮೂಗೊಂದೇ. ಇದನ್ನು ಯೋಚಿಸಿದಾಗೆಲ್ಲ ಅವಳ ಕೈ ತಾನಾಗಿ ಯಾವುದಾದರೊಂದು ಕೆಲಸ ಹುಡುಕಿಕೊಳ್ಳುತ್ತಿತ್ತು. ಈಗ ಅದು ಅಗತ್ಯವಿಲ್ಲದಿದ್ದರೂ ಕನ್ನಡಿಯನ್ನು ಒರೆಸುತ್ತಿತ್ತು.

ಟಾಲೂಯಿನ್ ಬಿಡಬೇಕೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಿದವಳು ಅವಳೇ. ತಲೆನೋವು, ಚರಂಡಿಗೆ ಹೋಗದಂತೆ ಕಾಯಬೇಕಾದ ಪೀಪಾಯಿಗಳು, ಎಷ್ಟು ಒಣಗಿಸಿದರೂ ಪ್ಲಾಸ್ಟಿಕ್ಕಿನೊಳಗೆ ಉಳಿದುಬಿಡುವ ಅದರ ಒಂದು ಎಳೆ, ಇದೆಲ್ಲವನ್ನೂ ಹೇಳಿ, ಕೊನೆಗೆ ಸಭೆಯಲ್ಲಿ ಎದ್ದು ನಿಂತು, "ಕೆಲಸ ಮುಗಿದ ಮೇಲೆ ತನ್ನ ಕುರುಹನ್ನೇ ಉಳಿಸದೆ ಹೊರಟುಹೋಗುವ ದ್ರಾವಕ ನಮಗೆ ಬೇಕು," ಎಂದಿದ್ದಳು. ಆ ವಾಕ್ಯ ಎಲ್ಲರಿಗೂ ಹಿಡಿಸಿತು. ಅವಳಿಗೂ ಹಿಡಿಸಿತ್ತು. ಆವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಅದನ್ನೇ ಮನಸ್ಸಿನಲ್ಲಿ ಎರಡು ಮೂರು ಸಲ ಹೇಳಿಕೊಂಡಿದ್ದಳು. ಟಾಲೂಯಿನ್ ಕೋಣೆಗೆ ಬೀಗ ಬಿತ್ತು. ವಾಸನೆ ಮಾತ್ರ ತಕ್ಷಣ ಹೋಗಲಿಲ್ಲ. ಕೋಟಿನಿಂದ ಒಂದು ಒಗೆತಕ್ಕೆ ಒಂದಿಷ್ಟು, ಚೀಲದ ಅಸ್ತರಿನಿಂದ ಇನ್ನೊಂದಿಷ್ಟು, ಹೀಗೆ ಮೆಲ್ಲಗೆ ಹೋಯಿತು. ಅಮ್ಮನೂ ಮೆಲ್ಲಗೇ ಅನುಮಾನಿಸತೊಡಗಿದಳು. ಬಾಗಿಲ ಸದ್ದಾದಾಗ "ಬಂದ್ಯಾ?" ಎನ್ನುತ್ತಿದ್ದವಳು "ಬಂದಿದ್ದು ನೀನೇನಾ?" ಎನ್ನತೊಡಗಿದಳು. ಮುಂದೊಂದು ಸಂಜೆ ಬರೀ "ಯಾರು?" ಎಂದಳು.

"ನಾನಮ್ಮ."

"ಯಾವ ನಾನು?"

"ನಿನ್ನ ಮಗಳು."

ಅಮ್ಮ ತಲೆಯನ್ನು ಸ್ವಲ್ಪ ಎತ್ತಿ ಮೂಗಿನಿಂದ ಗಾಳಿ ಎಳೆದುಕೊಂಡಳು. ನಾಯಿಯೊಂದು ಬೀದಿ ತುದಿಯಲ್ಲಿ ನಿಂತು ಎಳೆದುಕೊಳ್ಳುವ ಹಾಗೆ, ಎಂದು ಅವಳಿಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆಮೇಲೆ ಅಮ್ಮ ಕೈ ಚಾಚಿ ಅವಳ ಕೈಯನ್ನು ಹಿಡಿದು ಅಂಗೈಯನ್ನು ಬೆರಳಿನಿಂದ ಸವರಿದಳು. ಟಾಲೂಯಿನ್ ಚರ್ಮದ ಎಣ್ಣೆಯನ್ನೆಲ್ಲ ಎಳೆದುಕೊಳ್ಳುತ್ತಿದ್ದ ಕಾಲದಲ್ಲಿ ಆ ಕೈ ಬಿರುಕು ಬಿಟ್ಟಿರುತ್ತಿತ್ತು, ಚಳಿಗಾಲದಲ್ಲಿ ಗೆಣ್ಣಿನ ಹತ್ತಿರ ರಕ್ತವೂ ಜಿನುಗುತ್ತಿತ್ತು. ಈಗ ಮೆತ್ತಗಾಗಿತ್ತು.

"ನೀವು ಒಳ್ಳೆಯವರು ಕಣಮ್ಮ," ಎಂದಳು ಅಮ್ಮ, ಕೈಯನ್ನು ಜೋಪಾನವಾಗಿ ವಾಪಸು ಇಟ್ಟು. "ಮುದುಕಿಗೆ ಸಮಾಧಾನವಾಗಲಿ ಅಂತ ಹೇಳ್ತೀರಿ. ದನಿಯೂ ಅವಳ ಹಾಗೇ ಇದೆ. ಆದ್ರೆ ಅವಳು ಇಷ್ಟು ಮೆತ್ತಗೆ ಮಾತಾಡಲ್ಲ."

ಅಂದಿನಿಂದ ಅವಳು ದಿನಾ ಸಂಜೆ ಮನೆಗೆ ಬರುವ ಹೊರಗಿನವಳು. ಹಗಲು ನೋಡಿಕೊಳ್ಳುವ ಆಯಾ ಹೊರಡುವಾಗ ದಿನಾ ಒಂದೇ ವರದಿ ಒಪ್ಪಿಸುತ್ತಿದ್ದಳು: "ಅಜ್ಜಿ ಊಟ ಮಾಡಿದ್ರು ಅಕ್ಕ, ಮಲಗಿದ್ರು, ಎದ್ರು, ಆಮೇಲೆ ನಿಮ್ಮನ್ನ ಕಾಯ್ತಾ ಕೂತ್ರು. ನಾನೂ ಹೇಳ್ತೀನಿ, ಬರೋದು ಅವರೇ ಅಂತ. 'ನಿನಗೆ ಗೊತ್ತಾಗಲ್ಲ ಸುಮ್ನಿರು' ಅಂತ ನನಗೇ ಬೈತಾರೆ." ಆಯಾ ಹೋದ ಮೇಲೆ ಅಮ್ಮನ ಎದುರು ಅವಳು ಕೂರುತ್ತಿದ್ದಳು. ಮಗಳಾಗಿದ್ದಾಗ ಹೀಗೆ ಕೂತದ್ದು ಅವಳಿಗೆ ನೆನಪಿಲ್ಲ. ಹೊರಗಿನವಳಾದ್ದರಿಂದ ಎದ್ದು ತನ್ನ ಕೋಣೆಗೆ ಹೋಗುವಂತಿರಲಿಲ್ಲ. ಅಮ್ಮನಿಗೆ ಗೊತ್ತಿಲ್ಲದ ಹೆಂಗಸೊಬ್ಬಳು ಮಗಳ ಕೋಣೆಯ ಬಾಗಿಲು ತೆಗೆದರೆ ಆ ಮುಖದ ಮೇಲೆ ಏನು ಹಾದುಹೋಗುತ್ತಿತ್ತೋ ಅದನ್ನು ಅವಳು ಒಮ್ಮೆ ನೋಡಿದ್ದಳು. ಹಾಗಾಗಿ ಕೂರುತ್ತಿದ್ದಳು. ಅಮ್ಮ ಮಾತಾಡುತ್ತಿದ್ದಳು. ಇಷ್ಟು ಮಾತು ಇವಳೊಳಗಿತ್ತೇ ಎಂದು ಅವಳಿಗೆ ಆಶ್ಚರ್ಯ. ಅಮ್ಮ ಹುಡುಗಿಯಾಗಿದ್ದಾಗ ಹೊಲಿಗೆ ಕಲಿಯಲು ಹೋಗಿ ಸೂಜಿ ನುಂಗಿದೆನೆಂದು ಸುಳ್ಳು ಹೇಳಿ ಶಾಲೆಯನ್ನೆಲ್ಲ ಗೋಳಾಡಿಸಿದ್ದು. ಮದುವೆಯಾದ ಹೊಸತರಲ್ಲಿ ಗಂಡನ ಗೊರಕೆಗೆ ಹೆದರಿ ಅಡುಗೆಮನೆಯಲ್ಲಿ ಮಲಗಿದ್ದು. ನಗುತ್ತಿದ್ದಳು. ಬಾಯಿಗೆ ಸೆರಗೋ ಶಾಲೋ ಸಿಕ್ಕಿದ್ದನ್ನು ಅಡ್ಡ ಹಿಡಿದು ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಕಿವಿಯನ್ನು ಬಾಗಿಲ ಕಡೆಗೆ ತಿರುಗಿಸುತ್ತಿದ್ದಳು.

ಹೋದ ವಾರ ಅಮ್ಮ ಅಂದದ್ದು ಅವಳನ್ನು ಬಿಟ್ಟು ಹೋಗದು. "ನಿಮಗೆ ಹೇಳಬಹುದು, ನೀವು ಹೊರಗಿನವರು. ನನಗೆ ನನ್ನ ಮಗಳನ್ನ ಕಂಡ್ರೆ ಭಯ. ಹೊಡೀತಾಳೆ, ಬಡೀತಾಳೆ ಅಂತಲ್ಲ. ಬರ್ತಾಳೆ, ಬಾಗಿಲು ಹಾಕ್ಕೊಳ್ತಾಳೆ. ಆ ಬಾಗಿಲು ತಟ್ಟೋಕೆ ನನಗೆ ಧೈರ್ಯ ಬರ್ತಿರಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಅವಳ ಬಟ್ಟೆ ವಾಸನೆ ಮಾತ್ರ ಬರೋದು. ಹಾಳು ವಾಸನೆ, ತಲೆ ಸುತ್ತೋದು. ಆದ್ರೆ ಅದು ಬಂದ ಮೇಲೆ, ಸರಿ, ಮನೆ ಸೇರಿದ್ಲು ಅಂತ ನಾನು ಕಣ್ಣು ಮುಚ್ತಿದ್ದೆ." ಬಾಗಿಲ ಕಡೆ ಮುಖ ತಿರುಗಿಸಿ, "ಈಗ ಎಷ್ಟು ದಿನವಾಯ್ತೋ. ಬಂದೇ ಇಲ್ಲ. ಎಲ್ಲಿ ಏನಾಯ್ತೋ, ಯಾರೂ ನನಗೆ ಹೇಳ್ತಿಲ್ಲ," ಎಂದಳು. ಹೇಳುವಾಗ ಅಮ್ಮ ಅಳಲಿಲ್ಲ. ಶಾಲಿನ ಅಂಚಿನ ಒಂದು ದಾರವನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ಕೂತಿದ್ದಳು. ತಾನು ದಿನಾ ಮನೆಗೆ ಬರುತ್ತಿದ್ದರೂ ಈ ಮನೆಯಲ್ಲಿ ತಾನು ತಿಂಗಳುಗಟ್ಟಲೆಯಿಂದ ಕಾಣೆಯಾಗಿದ್ದೇನೆ ಎಂಬುದು ಅವಳಿಗೆ ಆಗ ಪೂರ್ತಿಯಾಗಿ ತಿಳಿಯಿತು. ಅಮ್ಮ ಇವಳನ್ನು ಮರೆತಿದ್ದರೆ ಸಹಿಸಬಹುದಿತ್ತು. ಅಮ್ಮ ಮರೆತಿರಲಿಲ್ಲ, ಕಾಯುತ್ತಿದ್ದಳು.

"ಬಿಳುಪು ಬಂತು ನೋಡಿ," ಎಂದ ಗೇಜು.

ಕನ್ನಡಿಯಲ್ಲಿ ಹಳದಿಯ ನಡುವೆ ಮೊದಲು ಒಂದು ಮಂಜು, ಆಮೇಲೆ ಹಾಲು, ಆಮೇಲೆ ಏನೂ ಕಾಣದ ಬಿಳುಪು. ಸರಪಳಿ ಬೆಳೆದು ಬೆಳೆದು ಇನ್ನು ಈ ಅನಿಲದಲ್ಲಿ ಹಿಡಿಸಲಾರದಷ್ಟು ಉದ್ದವಾದಾಗ ಹೀಗೆ ಹೊರಗೆ ಬೀಳುತ್ತದೆ. ಎಂದಿಲ್ಲದ ಹಾಗೆ ಇವತ್ತು ತುಂಬ ಚೆನ್ನಾಗಿ ಬಂದಿತ್ತು. ಗೇಜು ಮಾಪಕವನ್ನು ತಟ್ಟುವುದನ್ನು ಬಿಟ್ಟು ಅವಳ ಭುಜವನ್ನೇ ತಟ್ಟಿದ, ತಟ್ಟಿದ್ದು ಅರಿವಾಗಿ ಕೈಯನ್ನು ಜೇಬಿಗೆ ಹಾಕಿಕೊಂಡ. ಹೊತ್ತು ಕಳೆದು, ಪಾತ್ರೆ ತಣ್ಣಗಾಗಿ, ಅವಳು ಹೊರಗಿನ ಕವಾಟವನ್ನು ಕೂದಲೆಳೆಯಷ್ಟು ತೆರೆದಳು. ಅನಿಲ ಉಸ್ಸೆಂದು ಕೊಳವೆಯಲ್ಲಿ ಹೊರಟಿತು. ಬಹಳ ಹೊತ್ತು ಆ ಸದ್ದು. ಸದ್ದು ನಿಂತ ಮೇಲೆ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿ ನೋಡಿದರೆ ಒಳಗೆ ಒಣಗಿದ, ಹಗುರವಾದ ಬಿಳಿ ಪುಡಿ. ಅದನ್ನು ಹೊತ್ತಿದ್ದ ದ್ರಾವಕ ಎಂಬುದೊಂದು ಇತ್ತೆನ್ನುವುದಕ್ಕೇ ಸಾಕ್ಷಿಯಿಲ್ಲ. ಅವಳು ಒಂದು ಚಮಚ ಪುಡಿಯನ್ನು ಎತ್ತಿ ಮೂಗಿನ ಹತ್ತಿರ ತಂದಳು. ಏನೂ ಇಲ್ಲ. ಇನ್ನೂ ಹತ್ತಿರ ತಂದಳು.

"ಏನು ಮೇಡಂ, ಉಪ್ಪು ಹುಳಿ ಸರಿಯಾಗಿದೆಯಾ?" ಎಂದ ಗೇಜು.

"ಏನೂ ಇಲ್ಲ," ಎಂದಳು.

"ಅದಕ್ಕೇ ಅಲ್ವಾ ಇಷ್ಟು ವರ್ಷ ಸತ್ತಿದ್ದು ನಾವು?"

ಅವನು ತೂಕ ಮಾಡಲು ಪುಡಿಯನ್ನು ಹಿಡಿದುಕೊಂಡು ಆಚೆ ಹೋದ. ಅವಳು ಕೈತೊಳೆಯಲು ಎಂಬಂತೆ ಎದ್ದವಳು ತೊಳೆಯುವ ಕಡೆ ಹೋಗದೆ ಕಾರಿಡಾರಿನ ತುದಿಯ ಹಳೆಯ ಟಾಲೂಯಿನ್ ಕೋಣೆಯ ಬೀಗ ತೆಗೆದಳು. ಬೀಗದ ಕೈ ಅವಳ ಬಳಿಯೇ ಇರುತ್ತಿತ್ತು. ಇದನ್ನು ಮಾಡಬೇಕೆಂದು ಯಾವಾಗ ನಿರ್ಧರಿಸಿದಳೋ ಅವಳಿಗೇ ತಿಳಿಯದು, ನಿರ್ಧರಿಸಿರಲಿಲ್ಲವೆಂದೇ ಹೇಳಬೇಕು. ಕಬ್ಬಿಣದ ಬೀರುವಿನಲ್ಲಿ ವಿಲೇವಾರಿಗೆ ಕಾಯುತ್ತಿದ್ದ ಕಂದು ಬಾಟಲಿಗಳಲ್ಲಿ ಒಂದರ ತಳದಲ್ಲಿ ಸ್ವಲ್ಪ ಉಳಿದಿತ್ತು. ಮುಚ್ಚಳ ತಿರುಗಿಸಿದಳು. ಅದು ಮೂಗಿಗೆ ಬರಲಿಲ್ಲ, ಹಣೆಗೆ ಬಂತು; ಹಣೆಯ ಹಿಂದೆ ಎಲ್ಲೋ ಹಿತ್ತಲಿನ ಬಾಗಿಲು, ಚಹಾದ ಲೋಟಗಳು, ಪತ್ರಿಕೆಯ ಹಿಂದಿನ ನಗು. ಕೈವಸ್ತ್ರವನ್ನು ಬಾಟಲಿಯ ಬಾಯಿಗಿಟ್ಟು ಬಗ್ಗಿಸಿ, ಒದ್ದೆಯಾದ ಮೂಲೆಯಿಂದ ಸ್ವೆಟರಿನ ತೋಳನ್ನು, ಕೊರಳ ಪಟ್ಟಿಯನ್ನು, ಕಿವಿಯ ಹಿಂದಿನ ಕೂದಲನ್ನು ಒತ್ತಿಕೊಂಡಳು. ಮದುವೆಮನೆಗೆ ಹೊರಟವರು ಅತ್ತರು ಹಚ್ಚಿಕೊಳ್ಳುವುದೇ ಹೀಗೆ ಎನ್ನಿಸಿ ತುಟಿ ಸ್ವಲ್ಪ ಸಡಿಲಿದಾಗಲೇ ಬಾಗಿಲಲ್ಲಿ ಗೇಜು ನಿಂತಿರುವುದು ಕಂಡಿತು.

"ಕಲೆ," ಎಂದಳು. "ತೋಳಿಗೆ ಇಂಕು ಆಗಿತ್ತು. ತೆಗೀತಿದ್ದೆ."

ಅವನು ತೋಳನ್ನು ನೋಡಿದ. ಕೈಯಲ್ಲಿದ್ದ ಕೈವಸ್ತ್ರವನ್ನು ನೋಡಿದ. ಅದು ಅವಳ ಮೂಗಿಗೆ ಎಷ್ಟು ಹತ್ತಿರವಿತ್ತೆಂದು ಅವಳಿಗೂ ಆಗಲೇ ಗೊತ್ತಾದದ್ದು.

"ಕಲೆ ಕಾಣಿಸ್ತಾ ಇಲ್ಲ."

"ಹೋಯ್ತು."

"ಮೇಡಂ," ಎಂದ ಅವನು. ಅವನ ದನಿಯಲ್ಲಿ ಯಾವಾಗಲೂ ಇರುತ್ತಿದ್ದ ತಮಾಷೆ ಪೂರ್ತಿ ಇಳಿದುಹೋಗಿತ್ತು. "ಮನೇಲಿ ಎಲ್ಲ ಸರಿಯಾಗಿದೆಯಾ? ನನ್ನ ಚಿಕ್ಕಪ್ಪನೊಬ್ಬ ಬಣ್ಣ ಹೊಡೆಯೋ ಕೆಲಸ ಮಾಡ್ತಿದ್ದ. ಅವನಿಗೂ ಹೀಗೇ... ವಾಸನೆ ತಗೊಳ್ಳದೆ ಇರೋಕೆ ಆಗ್ತಿರಲಿಲ್ಲ. ಅದಕ್ಕೆ ಡಾಕ್ಟ್ರು ಇದ್ದಾರೆ. ನಾನು ಯಾರಿಗೂ ಹೇಳಲ್ಲ."

ಅವಳು ಹೇಳಬಹುದಿತ್ತು. ನನ್ನ ತಾಯಿಗೆ ಕಣ್ಣಿಲ್ಲ, ನೆನಪಿಲ್ಲ, ಅವಳಿಗೆ ನಾನು ಬರೀ ಒಂದು ವಾಸನೆ, ಎನ್ನಬಹುದಿತ್ತು. ಅಷ್ಟು ಸಣ್ಣ ಮಾತು. ಅದನ್ನು ಬಾಯಿಗೆ ತರುವುದಕ್ಕಿಂತ ಈ ಹುಡುಗು ಮನಸ್ಸಿನವನ ಕಣ್ಣಲ್ಲಿ ನಶೆಗೆ ಬಿದ್ದವಳಾಗಿ ಉಳಿಯುವುದೇ ಸುಲಭವೆನ್ನಿಸಿತು. "ಥ್ಯಾಂಕ್ಸ್," ಎಂದಳು. ಅವನು ಒಳಗೆ ಬಂದು, ಅವಳ ಕೈಯಿಂದ ಬಾಟಲಿಯನ್ನು ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುವವನಂತೆ ಮೆಲ್ಲಗೆ ತೆಗೆದುಕೊಂಡು, ಮುಚ್ಚಳ ಬಿಗಿಮಾಡಿ ಬೀರುವಿನಲ್ಲಿಟ್ಟು, ಗಾಳಿ ಹೀರುವ ಫ್ಯಾನಿನ ಗುಂಡಿ ಒತ್ತಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೈ ಇನ್ನೂ ನಾಚಿಕೆಯಿಂದ ಬಿಸಿಯಾಗಿತ್ತು. ಆ ಬಿಸಿಗೆ ವಾಸನೆ ಇನ್ನಷ್ಟು ಏಳುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಮೊದಲು ತನ್ನ ಚೀಲವನ್ನು ಮೂಸಿದಳು, ಆಮೇಲೆ ಚಪ್ಪಲಿಯ ಅಡಿ ನೋಡಿಕೊಂಡಳು, ಆಮೇಲೆ ಇವಳ ಕಡೆ ತಿರುಗಿ, ತಿರುಗದವಳಂತೆ ಎದ್ದು ಹಿಂದಿನ ಸೀಟಿಗೆ ಹೋದಳು. ಇವಳಿಗೆ ವಿಚಿತ್ರವಾದ ಒಂದು ಹಿಗ್ಗು ಬಂತು. ಖಾಲಿಯಾದ ಸೀಟಿನ ಮೇಲೆ ಕೈಯಿಟ್ಟಳು. ರೆಕ್ಸಿನ್ನು ಇನ್ನೂ ಬೆಚ್ಚಗಿತ್ತು. ಇವತ್ತು ಬಾಗಿಲು ತೆಗೆಯುವ ಮೊದಲೇ ಅಮ್ಮ ಅನ್ನುತ್ತಾಳೆ. ಬಣ್ಣದಂಗಡಿ ಅನ್ನುತ್ತಾಳೆ. ಹಾಗೆಂದಾಗ ತಾನು ಕೋಣೆಗೆ ಹೋಗುವುದಿಲ್ಲ. ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ. ಆ ಸೂಜಿಯ ಕಥೆಯನ್ನು ಮಗಳಾಗಿ ಇನ್ನೊಮ್ಮೆ ಕೇಳುತ್ತೇನೆ. ಇಳಿಯುವ ನಿಲ್ದಾಣ ಬರುವ ತನಕ ಅವಳು ಇದನ್ನೇ ಹಿಂದುಮುಂದಾಗಿ ಯೋಚಿಸುತ್ತಿದ್ದಳು.

ಬಾಗಿಲನ್ನು ತೆಗೆದವಳು ಆಯಾ. "ಏನಕ್ಕಾ ಇದು, ಪೇಂಟ್ ಅಂಗಡಿಗೆ ಹೋಗಿದ್ರಾ?" ಎಂದು ಸೆರಗು ಮೂಗಿಗೆ ಹಿಡಿದು ನಕ್ಕಳು. ಅವಳು ಉತ್ತರಿಸುವ ಮೊದಲೇ ಒಳಗಿನಿಂದ ಕುರ್ಚಿ ಕಿರುಗುಟ್ಟಿತು.

"ಬಂದ್ಯಾ?"

ಎಷ್ಟು ಕಾಲದ ಮೇಲೆ ಆ ಏಕವಚನ! ಅವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದಳು. ಅಮ್ಮನ ಭುಜಗಳು ಕೆಳಗಿಳಿದಿದ್ದವು. ಇಷ್ಟು ದಿನ ಅವು ಮೇಲೆ ಎತ್ತಿಕೊಂಡೇ ಇದ್ದವೆಂದು ಅವಳಿಗೆ ಇಳಿದಾಗಲೇ ಗೊತ್ತಾಯಿತು. ಬಾಯಿ ಅರ್ಧ ತೆರೆದಿತ್ತು. ಹೊತ್ತ ಹೊರೆ ಇಳಿಸಿದ ಮೇಲೆ ಬರುವ ಉಸಿರು ಆ ಬಾಯಿಯಿಂದ ಬರುತ್ತಿತ್ತು.

"ಬಂದೆ ಅಮ್ಮ."

"ಎಲ್ಲಿಗೆ ಹಾಳಾಗಿ ಹೋಗಿದ್ದೆ?"

"ಕೆಲಸ ಇತ್ತು."

"ಕೆಲಸ," ಎಂದಳು ಅಮ್ಮ. ಮೂಗು ಸೊಟ್ಟಗೆ ಮಾಡಿದಳು. "ಥೂ, ಏನು ವಾಸನೆಯೇ. ದೂರ ನಿಲ್ಲು."

ಅವಳು ದೂರ ನಿಲ್ಲಲಿಲ್ಲ. ಆಯಾ ಚೀಲ ಹೆಗಲಿಗೇರಿಸಿಕೊಂಡು, ಕಣ್ಣರಳಿಸಿ ಇಬ್ಬರನ್ನೂ ನೋಡಿ, ಸದ್ದಾಗದಂತೆ ಬಾಗಿಲೆಳೆದುಕೊಂಡು ಹೊರಟಳು. ಅವಳು ಎದುರಿನ ಕುರ್ಚಿಯನ್ನು ಹತ್ತಿರಕ್ಕೆಳೆದು ಕೂತಳು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅಮ್ಮ ಕಾಲನ್ನು ಹಿಂದಕ್ಕೆಳೆದುಕೊಂಡಳು. ಇಬ್ಬರೂ ಕಾದರು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಏನಾದರೂ ಕೇಳಬೇಕು ಎಂದು ಅವಳಿಗೆ ತೋಚುತ್ತಿತ್ತು, ಏನೆಂದು ತೋಚುತ್ತಿರಲಿಲ್ಲ. ಹೊರಗಿನವಳಾಗಿ ಕೂತಾಗ ಎಷ್ಟು ಸಲೀಸಾಗಿ, 'ಆಮೇಲೆ?' ಎನ್ನುತ್ತಿದ್ದಳು!

"ಊಟ ಆಯ್ತಾ?" ಎಂದಳು.

"ಹೂಂ."

"ಅಮ್ಮ, ನೀನು ಚಿಕ್ಕವಳಿದ್ದಾಗ ಹೊಲಿಗೆ ಕಲಿಯೋಕೆ ಹೋಗಿದ್ದೆಯಂತಲ್ಲ..."

"ಯಾರು ಹೇಳಿದ್ದು ನಿನಗೆ?" ಅಮ್ಮನ ದನಿ ಗಡುಸಾಯಿತು. ಕೈ ಶಾಲನ್ನು ಎದೆಗೆ ಎಳೆದುಕೊಂಡಿತು. "ಅದೆಲ್ಲ ನಿನಗ್ಯಾಕೆ? ನಗಾಡೋಕಾ?"

"ಇಲ್ಲಮ್ಮ, ಸುಮ್ನೆ..."

"ಹೋಗಿ ಬಾಗಿಲು ಹಾಕ್ಕೋ. ದಣಿದಿರ್ತೀಯ."

ಅದು ಬೈಗುಳವಲ್ಲ ಎಂಬುದೇ ಅವಳನ್ನು ಕಂಗೆಡಿಸಿತು. ಅಮ್ಮ ಅದನ್ನು ಅಕ್ಕರೆಯಿಂದ ಹೇಳಿದ್ದಳು. ಮಗಳಿಗೆ ಏನು ಇಷ್ಟವೋ ಅದನ್ನು ತಟ್ಟೆಯಲ್ಲಿಟ್ಟು ಮುಂದೆ ನೂಕುವವಳಂತೆ ಹೇಳಿದ್ದಳು. ಇಷ್ಟು ವರ್ಷ ತಾನು ಕೇಳಿ ಪಡೆದದ್ದು ಇದನ್ನೇ, ಹಾಕಿಕೊಳ್ಳಲು ಒಂದು ಬಾಗಿಲು. ಈಗ ಎದ್ದು ಹೋಗುವುದೂ ಆಗದು, ಕೂರುವುದೂ ಆಗದು. ಅಮ್ಮ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದ್ದಳು. ಬಂದವಳು ಬಂದಾಗಿತ್ತು, ಆದರೂ ಆ ಕಿವಿ ಇನ್ನೂ ಏನನ್ನೋ ಕಾಯುತ್ತಿತ್ತು.

"ಯಾರಾದ್ರೂ ಬರೋರಿದ್ದಾರಾ?" ಎಂದು ಕೇಳಿದಳು.

ಅಮ್ಮ ಸ್ವಲ್ಪ ಹಿಂಜರಿದಳು. "ಒಬ್ರು ಬರ್ತಾರೆ. ದಿನಾ ಈ ಹೊತ್ತಿಗೆ. ನಿನಗೆ ಗೊತ್ತಿಲ್ಲ. ಒಳ್ಳೆ ಹೆಂಗಸು, ಕೂತ್ಕೊಂಡು ಮಾತಾಡ್ತಾರೆ." ಮತ್ತೆ, ಅಪ್ಪಣೆ ಕೇಳುವವಳಂತೆ, "ಅವರು ಬಂದಾಗ ನೀನು ಮುಖ ಗಂಟು ಹಾಕ್ಕೊಂಡು ಕೂರಬೇಡ. ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹೋಗಿ ಸ್ನಾನ ಮಾಡು. ಈ ವಾಸನೆ ಅವರಿಗೆ ಆಗಲಿಕ್ಕಿಲ್ಲ. ಬರೋದೇ ಬಿಟ್ಟುಬಿಟ್ರೆ?"

ಅವಳು ಎದ್ದಳು. ಕೋಣೆಗೆ ಹೋಗಿ ಸ್ವೆಟರನ್ನು ಕಳಚಿ ಪ್ಲಾಸ್ಟಿಕ್ ಚೀಲವೊಂದಕ್ಕೆ ತುಂಬಿ ಬಾಯಿ ಕಟ್ಟಿದಳು. ಕಟ್ಟಿದ ಮೇಲೆ ಯಾಕೋ ಬಿಚ್ಚಿ, ಬಾಗಿಲ ಒಳಗೆ, ನೆಲದ ಮೇಲೆ ಹಾಸಿದಂತೆ ಇಟ್ಟಳು. ಬಚ್ಚಲಿನಲ್ಲಿ ನೀರು ಕಾಯುವ ತನಕ ಕಾಯದೆ ತಣ್ಣೀರನ್ನೇ ತಲೆಗೆ ಸುರಿದುಕೊಂಡಳು. ಸೋಪನ್ನು ಕಿವಿಯ ಹಿಂದೆ, ಕೊರಳಿಗೆ, ಉಗುರಿನ ಸಂದಿಗೆ ಉಜ್ಜಿದಳು, ನೊರೆಯನ್ನು ಮೂಸಿ ನೋಡಿ ಮತ್ತೆ ಉಜ್ಜಿದಳು. ತಾನು ಅಳುತ್ತಿದ್ದೇನೋ ಏನೋ ಎಂದು ಒಮ್ಮೆ ಅನುಮಾನ ಬಂತು. ನೀರಿನಲ್ಲಿ ಅದು ತಿಳಿಯುವ ಹಾಗಿರಲಿಲ್ಲ, ತಿಳಿದುಕೊಳ್ಳುವ ಗೋಜಿಗೂ ಅವಳು ಹೋಗಲಿಲ್ಲ. ಒಗೆದ ಬಟ್ಟೆ ಹಾಕಿಕೊಂಡು, ಕೋಣೆಯ ಬಾಗಿಲನ್ನು ಅಮ್ಮನಿಗೆ ಕೇಳಿಸುವಂತೆ ಮುಚ್ಚಿ, ಬರಿಗಾಲಿನಲ್ಲಿ ಹಿಂದಿನ ಬಾಗಿಲಿನಿಂದ ಸುತ್ತಿಕೊಂಡು ಬಂದು ಹೊರಬಾಗಿಲನ್ನು ತೆಗೆದು ಮತ್ತೆ ಹಾಕಿದಳು.

"ಬಂದ್ರಾ?" ಅಮ್ಮ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. ಮುಖವೆಲ್ಲ ಬೆಳಗಿತ್ತು. "ಬನ್ನಿ, ಬನ್ನಿ. ನಿಮಗೊಂದು ಹೇಳಬೇಕು. ನನ್ನ ಮಗಳು ಬಂದ್ಲು."

"ಬಂದ್ರಾ? ಯಾವಾಗ?"

"ಈಗಷ್ಟೆ. ಕೋಣೆಯಲ್ಲಿದ್ದಾಳೆ. ನಿಮಗೂ ವಾಸನೆ ಬರ್ತಿರಬೇಕು, ನೋಡಿ, ಬಾಗಿಲ ಸಂದಿಯಿಂದ." ಅಮ್ಮ ತಲೆಯೆತ್ತಿ ಗಾಳಿ ಎಳೆದುಕೊಂಡು, ತೃಪ್ತಿಯಿಂದ ಬಿಟ್ಟಳು.

"ಬರ್ತಾ ಇದೆ," ಎಂದಳು ಅವಳು.

"ಕೂತ್ಕೊಳ್ಳಿ. ನಿನ್ನೆ ಎಲ್ಲಿಗೆ ಬಿಟ್ಟಿದ್ದೆ ನಾನು? ಹಾಂ, ಗೊರಕೆ..." ನಗು ಬರುವ ಮೊದಲೇ ಅಮ್ಮ ಶಾಲನ್ನು ಬಾಯಿಗೆ ಒತ್ತಿಕೊಂಡಳು, ಇನ್ನೊಂದು ಕೈಯಿಂದ ಗಾಳಿಯಲ್ಲಿ ತಡವರಿಸಿ ಇವಳ ಮಣಿಕಟ್ಟನ್ನು ಹಿಡಿದು ಹತ್ತಿರಕ್ಕೆಳೆದುಕೊಂಡಳು. "ಸ್ವಲ್ಪ ಮೆಲ್ಲಗೆ ಮಾತಾಡೋಣ, ಆಯ್ತಾ? ಪಾಪ, ದಣಿದು ಬಂದು ಮಲಗಿದ್ದಾಳೆ."

"ಆಯ್ತು," ಎಂದು ಅವಳು ದನಿ ತಗ್ಗಿಸಿದಳು.